ಮೆಕಾಲೆ ಮತ್ತು ದಂಡಸಂಹಿತೆಯ ಮೌನ

ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆಯ ಹೆಸರು ಕನ್ನಡದ ಅಧ್ಯಾಪಕರಿಗೆ ಅಪರಿಚಿತವಲ್ಲ. ವಸಾಹತುಶಾಹಿ, ಇಂಗ್ಲಿಷ್ ಶಿಕ್ಷಣ, ನವೋದಯದ ಹಿನ್ನೆಲೆ ಇವುಗಳ ಮಾತು ಬಂದಲ್ಲೆಲ್ಲ 1835ರ ಫೆಬ್ರವರಿ 2ರ ಅವನ ಶಿಕ್ಷಣ ಟಿಪ್ಪಣಿಯೂ ಬಂದೇ ಬರುತ್ತದೆ. ಅದರ ಹೊಗಳಿಕೆ ತೆಗಳಿಕೆಗಳೆರಡೂ ನಮ್ಮಲ್ಲಿ ಸಾಕಷ್ಟು ನಡೆದಿವೆ. ಅವನು ಎಂದೂ ಆಡದ ಮಾತುಗಳು ಕೂಡ ಅವನ ಹೆಸರಿನಲ್ಲಿ ಪ್ರಚಾರದಲ್ಲಿವೆ. ಅದೇ ದಿನಾಂಕದಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಅವನು ಮಾಡಿದನೆನ್ನುವ ಭಾಷಣವೊಂದನ್ನು ವೇದಿಕೆಗಳ ಮೇಲೆ ಓದುವುದುಂಟು. ಆ ದಿನ ಮೆಕಾಲೆ ಇದ್ದದ್ದು ಕಲ್ಕತ್ತೆಯಲ್ಲಿ ಎಂಬ ಸರಳ ಸಂಗತಿಯೇ ಆ ಭಾಷಣದ ಸತ್ಯಾಸತ್ಯತೆಯನ್ನು ತೀರ್ಮಾನಿಸುತ್ತದೆ. ಟಿಪ್ಪಣಿಯ ಈ ಪ್ರಸಿದ್ಧಿಯ ನೆರಳಿನಲ್ಲಿ ಅವನ ಇನ್ನೊಂದು ಬರವಣಿಗೆ ಹಿಂದೆ ಸರಿದಿದೆ. ಅದು ಭಾರತೀಯ ದಂಡಸಂಹಿತೆಯ ಕರಡು. ಶಿಕ್ಷಣ ಟಿಪ್ಪಣಿ ಅಕ್ಷರಸ್ಥರ ಲೋಕವನ್ನು ರೂಪಿಸಿತು. ದಂಡಸಂಹಿತೆಯಾದರೋ ಶಾಲೆಯ ಮೆಟ್ಟಿಲನ್ನು ಹತ್ತದವರನ್ನೂ ತನ್ನ ಆಳ್ವಿಕೆಗೆ ಒಳಪಡಿಸಿತು.

ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳ ಚರಿತ್ರೆಯನ್ನು ಬರೆಯುವವರು ದಂಡಸಂಹಿತೆಯ 377ನೇ ಕಲಮನ್ನು ಮೆಕಾಲೆಯ ಕೊಡುಗೆ ಎಂದು ಕರೆಯುವುದು ವಾಡಿಕೆ. ಈ ಹೇಳಿಕೆಯಲ್ಲಿ ಅರ್ಧ ಸತ್ಯವಿದೆ. 1862ರಲ್ಲಿ ಜಾರಿಗೆ ಬಂದ ಕಲಮಿನ ಒಕ್ಕಣೆ ಮೆಕಾಲೆಯದಲ್ಲ. ಅವನು ಬಿಟ್ಟುಹೋದದ್ದು ಆ ಒಕ್ಕಣೆಯನ್ನಲ್ಲ, ಅದರ ಸುತ್ತ ಕಟ್ಟಿದ ಮೌನವನ್ನು. ಅವನ ಜೀವನದ ಘಟನೆಗಳನ್ನು ಈ ಒಂದು ಎಳೆಯ ಮೇಲೆ ಮತ್ತೆ ಜೋಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಆ ಮೌನ ಎಲ್ಲಿಯವರೆಗೆ ಹರಿಯಿತೆಂಬುದನ್ನು ಅಳೆಯಲು ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಬಯಲುಸೀಮೆಯನ್ನು ಇಟ್ಟುಕೊಳ್ಳಲಾಗಿದೆ. ಮೆಕಾಲೆ ಆ ಸೀಮೆಯನ್ನು ಕಂಡವನಲ್ಲ. ಕಾಣದ ಸೀಮೆಗಳಿಗೆಲ್ಲ ಒಂದೇ ಕಾನೂನು ಬರೆಯಲು ಹೊರಟವನು ಅವನು.

ಮೆಕಾಲೆ ಹುಟ್ಟಿದ್ದು 1800ರ ಅಕ್ಟೋಬರ್ 25ರಂದು, ಇಂಗ್ಲೆಂಡಿನ ಲೆಸ್ಟರ್‌ಷೈರಿನ ರಾತ್ಲಿ ಟೆಂಪಲ್ ಎಂಬಲ್ಲಿ. ತಂದೆ ಜಕಾರಿ ಮೆಕಾಲೆ ಗುಲಾಮಗಿರಿಯ ವಿರುದ್ಧ ಜೀವಮಾನವಿಡೀ ಹೋರಾಡಿದವನು. ಸಿಯೆರಾ ಲಿಯೋನಿನ ಗವರ್ನರ್ ಆಗಿದ್ದವನು. ಕ್ಲಾಪ್‌ಹ್ಯಾಮ್ ಪಂಥವೆಂದು ಹೆಸರಾದ ಇವ್ಯಾಂಜೆಲಿಕಲ್ ಕ್ರೈಸ್ತರ ಗುಂಪಿನ ಪ್ರಮುಖರಲ್ಲೊಬ್ಬ. ಮನುಷ್ಯನನ್ನು ಮನುಷ್ಯ ಮಾರುವುದು ಪಾಪವೆಂದು ದೃಢವಾಗಿ ನಂಬಿದ್ದ ಈ ಮನೆತನಗಳಲ್ಲಿ ದೇಹದ ವಿಷಯವಾಗಿ ಮಾತಿನ ಬಿಗಿಯೂ ಅಷ್ಟೇ ದೃಢವಾಗಿತ್ತು. ಮಗ ತಂದೆಯ ಧರ್ಮಶ್ರದ್ಧೆಯನ್ನು ಹಾಗೆಯೇ ಉಳಿಸಿಕೊಳ್ಳಲಿಲ್ಲ. ಮಾತಿನ ಬಿಗಿಯನ್ನು ಮಾತ್ರ ಉಳಿಸಿಕೊಂಡನೆಂದು ತೋರುತ್ತದೆ. 1818ರಲ್ಲಿ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದ ಮೆಕಾಲೆ 1825ರಲ್ಲಿ ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಮಿಲ್ಟನ್ನನ ಮೇಲೆ ಬರೆದ ಪ್ರಬಂಧದಿಂದ ಒಮ್ಮೆಗೇ ಪ್ರಸಿದ್ಧನಾದನು. 1826ರಲ್ಲಿ ವಕೀಲಿ ಸನ್ನದು ದೊರೆಯಿತಾದರೂ ಅವನು ಆ ವೃತ್ತಿಯಲ್ಲಿ ಹೆಚ್ಚೇನೂ ತೊಡಗಲಿಲ್ಲ. ಒಂದು ಉಪಖಂಡದ ದಂಡನೀತಿಯನ್ನು ಬರೆದವನಿಗೆ ನ್ಯಾಯಾಲಯದ ಅನುಭವ ಅತ್ಯಲ್ಪವಾಗಿತ್ತು ಎಂಬುದು ಅವನ ವಿರೋಧಿಗಳು ಮುಂದೆ ಬಿಡದೆ ಎತ್ತಿ ಆಡಿದ ಮಾತು.

1830ರಲ್ಲಿ ಪಾರ್ಲಿಮೆಂಟನ್ನು ಪ್ರವೇಶಿಸಿ ಸುಧಾರಣಾ ಮಸೂದೆಯ ಪರವಾಗಿ ಮಾಡಿದ ಭಾಷಣಗಳಿಂದ ವಿಗ್ ಪಕ್ಷದಲ್ಲಿ ಎತ್ತರಕ್ಕೇರಿದ ಮೆಕಾಲೆ 1833ರ ಜುಲೈ 10ರಂದು ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣದ ಮೇಲೆ ಮಾತನಾಡಿದನು. ಭಾರತದಲ್ಲಿ ಪ್ರಾಂತಕ್ಕೊಂದು, ಮತಕ್ಕೊಂದು, ನ್ಯಾಯಾಲಯಕ್ಕೊಂದು ಬಗೆಯಾಗಿದ್ದ ಕಾನೂನನ್ನು ಒಂದೇ ಸಂಹಿತೆಗೆ ತರಬೇಕೆಂಬುದು ಆ ಭಾಷಣದ ತಿರುಳುಗಳಲ್ಲೊಂದು. ಆ ವರ್ಷದ ಸನ್ನದು ಕಾಯ್ದೆ ಗವರ್ನರ್ ಜನರಲ್ಲನ ಮಂಡಳಿಯಲ್ಲಿ ಕಾನೂನು ಸದಸ್ಯನೆಂಬ ಹುದ್ದೆಯನ್ನು ಸೃಷ್ಟಿಸಿತು. ಮೆಕಾಲೆಯೇ ಅದರ ಮೊದಲ ಅಧಿಕಾರಿಯಾದನು. ಸಂಬಳ ವರ್ಷಕ್ಕೆ 10,000 ಪೌಂಡು. ತಂದೆಯ ವ್ಯಾಪಾರ ಮುಳುಗಿ ಕುಟುಂಬದ ಹೊಣೆ ಹೆಗಲಿಗೆ ಬಿದ್ದಿದ್ದ ಕಾಲದಲ್ಲಿ ಈ ಸಂಬಳವೇ ಅವನನ್ನು ಹಡಗು ಹತ್ತಿಸಿತೆಂಬುದನ್ನು ಅವನು ಮುಚ್ಚಿಡಲಿಲ್ಲ.

ತಂಗಿ ಹ್ಯಾನಾಳೊಡನೆ ಹೊರಟ ಮೆಕಾಲೆ 1834ರ ಜೂನ್ 10ರಂದು ಮದರಾಸಿನಲ್ಲಿ ಇಳಿದನು. ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಆಗ ಊಟಿಯಲ್ಲಿದ್ದುದರಿಂದ ತಂಗಿಯನ್ನು ಕಲ್ಕತ್ತೆಗೆ ಕಳುಹಿಸಿ ತಾನು ಪಲ್ಲಕ್ಕಿಯಲ್ಲಿ ಸುಮಾರು 400 ಮೈಲಿಗಳ ದಾರಿಯನ್ನು ಹಿಡಿದನು. ಆರ್ಕಾಟಿನಿಂದ ಬೆಂಗಳೂರು, ಅಲ್ಲಿಂದ ಶ್ರೀರಂಗಪಟ್ಟಣ, ಮೈಸೂರುಗಳ ಮೂಲಕ ಸಾಗಿದ ಈ ಪ್ರಯಾಣ ಕನ್ನಡ ನಾಡಿನೊಡನೆ ಅವನಿಗೆ ಒದಗಿದ ನೇರ ಸಂಪರ್ಕ. ಶ್ರೀರಂಗಪಟ್ಟಣ ಅವನಿಗೆ ಬಾಲ್ಯದಿಂದಲೇ ಕಿವಿಗೆ ಬಿದ್ದ ಹೆಸರು. ಅವನ ದೊಡ್ಡಪ್ಪ ಕಾಲಿನ್ ಮೆಕಾಲೆ ಅಲ್ಲಿ ನಾಲ್ಕು ವರ್ಷ ಸೆರೆಯಾಳಾಗಿದ್ದವನು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅತಿಥಿಗೆ ತಮ್ಮ ಉಡುಪುಗಳನ್ನೂ ಚಿತ್ರಗಳನ್ನೂ ತೋರಿಸಿದರು. ಮೆಕಾಲೆಯ ಪತ್ರಗಳಲ್ಲಿ ಈ ಭೇಟಿಯ ವರ್ಣನೆ ಲಘು ಹಾಸ್ಯದಿಂದ ಕೂಡಿದೆ. ಮೂರು ವರ್ಷಗಳ ಹಿಂದೆ, 1831ರಲ್ಲಿ, ಆ ಅರಸರ ಕೈಯಿಂದ ಆಡಳಿತವನ್ನು ಕಂಪನಿ ಕಿತ್ತುಕೊಂಡಿತ್ತೆಂಬುದನ್ನು ನೆನೆದರೆ ಆ ಹಾಸ್ಯ ರುಚಿಸುವುದಿಲ್ಲ.

ಆ ಹಸ್ತಾಂತರದ ಪರಿಣಾಮವಾಗಿಯೇ ಮೈಸೂರು ಸಂಸ್ಥಾನ ಕಮಿಷನರ ಆಡಳಿತಕ್ಕೆ ಬಂದಿತು. ಮೆಕಾಲೆ ಹಾದುಹೋದ 1834ರಲ್ಲಿಯೇ ಮಾರ್ಕ್ ಕಬ್ಬನ್ ಕಮಿಷನರನಾದನು. ಸಂಸ್ಥಾನವನ್ನು ನಾಲ್ಕು ವಿಭಾಗಗಳಾಗಿ ಒಡೆದಾಗ ಇಂದಿನ ತುಮಕೂರು ಜಿಲ್ಲೆಯ ಸೀಮೆ ಚಿತ್ರದುರ್ಗ ವಿಭಾಗಕ್ಕೆ ಸೇರಿತು. ಅದರ ಸೂಪರಿಂಟೆಂಡೆಂಟನಾಗಿದ್ದ ಡಾಬ್ಸ್ ತುಮಕೂರಿನಲ್ಲಿ ನೆಲಸಿ ದೀರ್ಘಕಾಲ ಆಳಿದನು. ಇಂದಿನ ಡಾಬಸ್‌ಪೇಟೆ ಅವನ ಹೆಸರಿನದೇ. ಆಗ ಮದ್ದಗಿರಿ ಎಂದು ಕರೆಯಲ್ಪಡುತ್ತಿದ್ದ ಮಧುಗಿರಿಯ ಹಳ್ಳಿಗನಿಗೆ ಕಲ್ಕತ್ತೆ ಎಂಬುದು ಬರಿಯ ಹೆಸರು. ಅಮಲ್ದಾರನ ಕಚೇರಿಯೇ ಸರ್ಕಾರ. ಸಿರಾದಲ್ಲಿ ಬಿಜಾಪುರದವರ, ಮೊಗಲರ, ಹೈದರಾಲಿಯ ಆಳ್ವಿಕೆಗಳು ಒಂದರ ಮೇಲೊಂದು ಬಂದುಹೋಗಿದ್ದವು; ಪಾವಗಡ ಕೊರಟಗೆರೆಗಳಲ್ಲಿ ಪಾಳೆಯಗಾರರ ನೆನಪು ಇನ್ನೂ ಹಸಿಯಾಗಿತ್ತು. ದೊರೆ ಬದಲಾದಂತೆ ಕಂದಾಯದ ಲೆಕ್ಕ ಬದಲಾಗುತ್ತಿತ್ತು. ಊರಿನ ಕಟ್ಟುಪಾಡು ಬಹುಮಟ್ಟಿಗೆ ಊರಿನದಾಗಿಯೇ ಉಳಿಯುತ್ತಿತ್ತು. ಹಾಗೆಂದು ಆ ಕಟ್ಟುಪಾಡು ಉದಾರವಾಗಿತ್ತೆಂದು ತಿಳಿಯಬೇಕಾಗಿಲ್ಲ. ಜಾತಿಯ ಪಂಚಾಯಿತಿಗಳು ಮದುವೆ, ಕೂಡಿಕೆ, ಬಿಡುಗಡೆಗಳ ವಿಷಯದಲ್ಲಿ ಕಠೋರವಾಗಿರಬಲ್ಲವಾಗಿದ್ದವು.

ಆದರೂ ಗಂಡು ಹೆಣ್ಣುಗಳ ನಡುವಿನ ಗೆರೆಯನ್ನು ದಾಟುವ ಕೆಲವು ಎಡೆಗಳು ಈ ಸೀಮೆಯ ಸಂಸ್ಕೃತಿಯಲ್ಲಿ ತೆರೆದೇ ಇದ್ದವು. ಮೂಡಲಪಾಯ ಬಯಲಾಟದಲ್ಲಿ ಹೆಣ್ಣಿನ ಪಾತ್ರಗಳನ್ನು ಗಂಡಸರೇ ಕಟ್ಟುತ್ತಿದ್ದರು. ಸೀರೆಯುಟ್ಟು ಬಳೆ ತೊಟ್ಟು ಹಾಡುವವನನ್ನು ಊರು ರಾತ್ರಿಯಿಡೀ ಕುಳಿತು ನೋಡುತ್ತಿತ್ತು. ಬೃಹನ್ನಳೆಯ ಕಥೆಯನ್ನು ಗದುಗಿನ ಭಾರತದ ಓದಿನಲ್ಲಿ ಕೇಳಿದ ಜನಕ್ಕೆ ವೀರನೊಬ್ಬ ವರ್ಷಕಾಲ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಸ್ಥಿತಿಯಲ್ಲಿ ಅಂತಃಪುರದಲ್ಲಿ ಬಾಳಿದುದು ನಂಬಲಾಗದ ಸಂಗತಿಯಾಗಿರಲಿಲ್ಲ. ಶರಣಸತಿ ಲಿಂಗಪತಿ ಭಾವವನ್ನು ಬಲ್ಲ ಪರಂಪರೆಯಲ್ಲಿ ಭಕ್ತನಾದ ಗಂಡು ತನ್ನನ್ನು ಹೆಣ್ಣೆಂದು ಕರೆದುಕೊಳ್ಳುವುದು ಅವಮಾನವೂ ಆಗಿರಲಿಲ್ಲ. ಉತ್ತರ ಕರ್ನಾಟಕದಲ್ಲಿ ಯಲ್ಲಮ್ಮನ ಜೋಗಪ್ಪಗಳಿಗೆ ದೇವತೆಯ ಮುದ್ರೆಯೇ ಇತ್ತು. ವೇಷ ಬೇರೆ, ಭಾವ ಬೇರೆ, ಬದುಕು ಬೇರೆ. ಮೂರನ್ನೂ ಒಂದೇ ಎಂದು ಕಲಸುವುದು ಸಂಶೋಧನೆಗೆ ಒಪ್ಪುವ ಕ್ರಮವಲ್ಲ. ಆದರೆ ಇವುಗಳಿಗೆಲ್ಲ ಕಥೆಯಿತ್ತು, ಹೆಸರಿತ್ತು, ಹಾಡಿತ್ತು ಎಂಬುದು ಗಮನಾರ್ಹ. ಇವುಗಳ ಬಗ್ಗೆ ಮಾತೇ ಆಡಬಾರದೆಂಬ ನೀತಿ ಇಲ್ಲಿಯದಾಗಿರಲಿಲ್ಲ.

ಕೆಲವು ತಿಂಗಳು ಊಟಿಯಲ್ಲಿದ್ದು ಕಲ್ಕತ್ತೆಯನ್ನು ಸೇರಿದ ಮೆಕಾಲೆಗೆ ಅಲ್ಲಿಯ ಮೊದಲ ವರ್ಷ ದುಃಖದ್ದು. ಹ್ಯಾನಾ ಡಿಸೆಂಬರಿನಲ್ಲಿ ಚಾರ್ಲ್ಸ್ ಟ್ರೆವೆಲ್ಯನ್ನನನ್ನು ಮದುವೆಯಾದಳು. ಇಂಗ್ಲೆಂಡಿನಲ್ಲಿದ್ದ ಕಿರಿಯ ತಂಗಿ ಮಾರ್ಗರೆಟ್ ಆಗಸ್ಟಿನಲ್ಲಿಯೇ ತೀರಿಕೊಂಡ ಸುದ್ದಿ ಹಡಗಿನಲ್ಲಿ ಬಂದು ಮುಟ್ಟಿದ್ದು 1835ರ ಆರಂಭದಲ್ಲಿ. ಮದುವೆಯಾಗದೆ ಉಳಿದ ಮೆಕಾಲೆಯ ಪ್ರೀತಿಯೆಲ್ಲ ಈ ಇಬ್ಬರು ತಂಗಿಯರಲ್ಲಿ ನೆಲೆಗೊಂಡಿತ್ತು. ಅವನ ಅವಿವಾಹಿತ ಬದುಕಿನಿಂದ ಏನನ್ನಾದರೂ ಊಹಿಸಿ ಅದನ್ನು ಅವನ ಕಾನೂನಿಗೆ ಅಂಟಿಸುವ ಬರಹಗಳನ್ನು ಕಾಣುತ್ತೇವೆ. ಅಂತಹ ಊಹೆಗೆ ಆಧಾರವಿಲ್ಲ. ಅದರ ಅಗತ್ಯವೂ ಇಲ್ಲ. ಆ ಕಾಲದ ಗೌರವಸ್ಥ ಇಂಗ್ಲಿಷ್ ಪುರುಷನೊಬ್ಬ ಹೀಗೆ ಬರೆಯಲು ಒಳಗಿನ ಗುಟ್ಟೇನೂ ಬೇಕಾಗಿರಲಿಲ್ಲ.

ದುಃಖವನ್ನು ಮರೆಯಲು ಅವನು ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳ ಮೊರೆಹೊಕ್ಕನು. ಕಚೇರಿಯ ಕೆಲಸಕ್ಕೆ ಮುನ್ನ ಬೆಳಗಿನ ಹೊತ್ತು ನಡೆಯುತ್ತಿದ್ದ ಈ ಓದಿನ ಪಟ್ಟಿ ದಿಗಿಲು ಹುಟ್ಟಿಸುವಂಥದು. ಈಸ್ಕಿಲಸ್, ಸಾಫೊಕ್ಲಿಸ್, ಪಿಂಡಾರ್, ಥಿಯೋಕ್ರಿಟಸರನ್ನು ಎರಡೆರಡು ಬಾರಿ, ಪ್ಲೇಟೋವನ್ನು ಬಹುಪಾಲು, ಲೂಸಿಯನ್ನನನ್ನು ಅರ್ಧದಷ್ಟು, ಕ್ಯಾಟುಲ್ಲಸನನ್ನು, ಪ್ಲೂಟಾರ್ಕನನ್ನು ಅವನು ಈ ಅವಧಿಯಲ್ಲಿ ಓದಿ ಮುಗಿಸಿದನು. ಗಂಡು ಗಂಡಿನ ಪ್ರೇಮವನ್ನು ಕಾವ್ಯದ, ತತ್ತ್ವದ, ಕೆಲವೊಮ್ಮೆ ಪರಿಹಾಸದ ವಸ್ತುವಾಗಿ ಬಿಡುಬೀಸಾಗಿ ಚರ್ಚಿಸಿದ ಗ್ರಂಥಗಳು ಇವುಗಳಲ್ಲಿ ಅನೇಕ. ಅಂದರೆ ಸಂಹಿತೆಯನ್ನು ಬರೆಯಲು ಕುಳಿತವನು ಈ ವಿಷಯವನ್ನರಿಯದ ಮುಗ್ಧನಲ್ಲ. ಐರೋಪ್ಯ ನಾಗರಿಕತೆಯ ಮೂಲವೆಂದು ತಾನು ಆರಾಧಿಸುತ್ತಿದ್ದ ಸಾಹಿತ್ಯದಲ್ಲಿಯೇ ಅದು ಹಾಸುಹೊಕ್ಕಾಗಿರುವುದನ್ನು ಅವನು ದಿನವೂ ಓದುತ್ತಿದ್ದನು. ಬೆಳಗಿನ ಪ್ಲೇಟೋವಿಗೂ ಹಗಲಿನ ಕರಡಿಗೂ ನಡುವೆ ಅವನು ಯಾವ ಸಂಬಂಧವನ್ನೂ ಕಲ್ಪಿಸಿಕೊಳ್ಳಲಿಲ್ಲ.

1835ರಲ್ಲಿ ಕಾನೂನು ಆಯೋಗ ರಚಿತವಾಯಿತು. ಮೆಕಾಲೆ ಅದರ ಅಧ್ಯಕ್ಷ. ಮೆಕ್‌ಲಿಯಡ್, ಆ್ಯಂಡರ್‌ಸನ್, ಮಿಲೆಟ್, ಕ್ಯಾಮರಾನ್ ಸಹಸದಸ್ಯರು. ಅವರ ಪದೇ ಪದೇ ಬಂದ ಅನಾರೋಗ್ಯದಿಂದಾಗಿ ಕರಡಿನ ಬಹುಪಾಲು ಭಾರ ಮೆಕಾಲೆಯ ಮೇಲೆಯೇ ಬಿದ್ದಿತು. ಅಂದು ಕಂಪನಿಯ ನ್ಯಾಯಾಲಯಗಳಲ್ಲಿ ಇಸ್ಲಾಮೀ ದಂಡನೀತಿಯ ಮೇಲೆ ಕಂಪನಿಯ ರೆಗ್ಯುಲೇಷನ್ನುಗಳ ತೇಪೆಗಳಿದ್ದವು. ಪ್ರೆಸಿಡೆನ್ಸಿ ಪಟ್ಟಣಗಳಲ್ಲಿ ಇಂಗ್ಲಿಷ್ ಕಾನೂನು ನಡೆಯುತ್ತಿತ್ತು. ಇವೆಲ್ಲವನ್ನೂ ಬದಿಗಿಟ್ಟು ತತ್ತ್ವದ ಬುನಾದಿಯಿಂದಲೇ ಹೊಸ ಸಂಹಿತೆಯೊಂದನ್ನು ಕಟ್ಟುವುದು ಆಯೋಗದ ಗುರಿಯಾಗಿತ್ತು. ಫ್ರಾನ್ಸಿನ ದಂಡಸಂಹಿತೆಯಿಂದಲೂ ಲೂಯಿಸಿಯಾನಕ್ಕಾಗಿ ಲಿವಿಂಗ್‌ಸ್ಟನ್ ಸಿದ್ಧಪಡಿಸಿದ ಸಂಹಿತೆಯಿಂದಲೂ ನೆರವು ಪಡೆದುದನ್ನು ಆಯೋಗ ಸ್ಪಷ್ಟವಾಗಿ ಒಪ್ಪಿಕೊಂಡಿದೆ. ಇಲ್ಲಿ ಒಂದು ಸಂಗತಿಯನ್ನು ಒತ್ತಿಹೇಳಬೇಕು. 1791ರ ಫ್ರೆಂಚ್ ದಂಡಸಂಹಿತೆ ಸಲಿಂಗ ಸಂಬಂಧವನ್ನು ಅಪರಾಧಗಳ ಪಟ್ಟಿಯಿಂದ ಕೈಬಿಟ್ಟಿತ್ತು. 1810ರ ನೆಪೋಲಿಯನ್ ಸಂಹಿತೆಯೂ ಅದನ್ನು ಮರಳಿ ಸೇರಿಸಲಿಲ್ಲ. ಶಿಕ್ಷೆಯಿಲ್ಲದೆಯೂ ಸಂಹಿತೆ ಬರೆಯಬಹುದೆಂಬುದಕ್ಕೆ ನಿದರ್ಶನ ಮೆಕಾಲೆಯ ಮೇಜಿನ ಮೇಲೆಯೇ ಇತ್ತು. ಸಂಹಿತೆಗಳ ಕಲ್ಪನೆಯ ಜನಕನೆನಿಸಿದ ಜೆರಮಿ ಬೆಂಥಾಮ್ 1785ರ ಸುಮಾರಿಗೆ ಈ ವಿಷಯವಾಗಿ ದೀರ್ಘ ಪ್ರಬಂಧವನ್ನೇ ಬರೆದು, ಯಾರಿಗೂ ಹಾನಿಯಿಲ್ಲದ ಕೃತ್ಯಕ್ಕೆ ಶಿಕ್ಷೆ ಸಲ್ಲದೆಂದು ವಾದಿಸಿದ್ದನು. ಆದರೆ ಅವನು ಅದನ್ನು ಪ್ರಕಟಿಸುವ ಧೈರ್ಯ ಮಾಡಲಿಲ್ಲ. ಅದು ಅಚ್ಚಾದದ್ದು 1978ರಲ್ಲಿ. ಮೆಕಾಲೆಗೆ ಅದು ತಿಳಿದಿರುವ ಸಾಧ್ಯತೆಯಿಲ್ಲ. ಮಾತನಾಡಬಹುದಾಗಿದ್ದವನೂ ಮಾತನ್ನು ಪೆಟ್ಟಿಗೆಯಲ್ಲಿಟ್ಟ ಕಾಲವದು.

ಇಂಗ್ಲೆಂಡಿನಲ್ಲಿಯೇ ಸ್ಥಿತಿ ಇನ್ನೂ ಭೀಕರವಾಗಿತ್ತು. 1533ರ ಹೆನ್ರಿ ದೊರೆಯ ಕಾಲದ ಶಾಸನದಿಂದ ಬಂದ ಮರಣದಂಡನೆ 1828ರ ಪರಿಷ್ಕರಣದಲ್ಲಿಯೂ ಉಳಿದುಕೊಂಡಿತ್ತು. ಕಲ್ಕತ್ತೆಯಲ್ಲಿ ಆಯೋಗ ಕೆಲಸ ಆರಂಭಿಸಿದ ವರ್ಷವೇ, 1835ರ ನವೆಂಬರ್ 27ರಂದು, ಲಂಡನ್ನಿನ ನ್ಯೂಗೇಟ್ ಸೆರೆಮನೆಯ ಮುಂದೆ ಜೇಮ್ಸ್ ಪ್ರಾಟ್ ಮತ್ತು ಜಾನ್ ಸ್ಮಿತ್ ಎಂಬಿಬ್ಬರನ್ನು ಗಲ್ಲಿಗೇರಿಸಲಾಯಿತು. ಈ ಅಪರಾಧಕ್ಕಾಗಿ ಇಂಗ್ಲೆಂಡಿನಲ್ಲಿ ನಡೆದ ಕೊನೆಯ ಗಲ್ಲು ಅದು. ಮರಣದಂಡನೆಯನ್ನು ಕಾನೂನಿನಿಂದ ತೆಗೆದದ್ದು 1861ರಲ್ಲಿ. ಈ ಹಿನ್ನೆಲೆಯಲ್ಲಿ ನೋಡಿದರೆ ಮೆಕಾಲೆಯ ಕರಡು ತನ್ನ ನಾಡಿನ ಕಾನೂನಿಗಿಂತ ಮೃದುವಾದದ್ದೇ.

1837ರ ಅಕ್ಟೋಬರಿನಲ್ಲಿ ಸರ್ಕಾರಕ್ಕೆ ಸಲ್ಲಿಸಿದ ಆ ಕರಡಿನಲ್ಲಿ ಈ ವಿಷಯಕ್ಕೆ 361 ಮತ್ತು 362 ಎಂಬ ಎರಡು ಕಲಮುಗಳಿವೆ. ಸ್ವಭಾವಕ್ಕೆ ವಿರುದ್ಧವೆಂದು ಬಗೆದ ಕಾಮತೃಪ್ತಿಯ ಉದ್ದೇಶದಿಂದ ಯಾವುದೇ ವ್ಯಕ್ತಿಯನ್ನು ಅಥವಾ ಪ್ರಾಣಿಯನ್ನು ಮುಟ್ಟಿದವನಿಗೆ, ಒಪ್ಪಿ ಮುಟ್ಟಿಸಿಕೊಂಡವನಿಗೆ ಕೂಡ, ಎರಡು ವರ್ಷಕ್ಕೆ ಕಡಿಮೆಯಿಲ್ಲದ, 14 ವರ್ಷದವರೆಗಿನ ಸೆರೆ ಎಂದು ಮೊದಲನೆಯದು ವಿಧಿಸುತ್ತದೆ. ಎರಡನೆಯದು ಒಪ್ಪಿಗೆಯಿಲ್ಲದ ಸ್ಪರ್ಶಕ್ಕೆ ಸಂಬಂಧಿಸಿದ್ದು. ಅದಕ್ಕೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗಿನ ಸೆರೆ. ಎರಡು ಅಂಶಗಳು ಇಲ್ಲಿ ಎದ್ದು ಕಾಣುತ್ತವೆ. ಅಪರಾಧದ ವ್ಯಾಪ್ತಿ ಭಯ ಹುಟ್ಟಿಸುವಷ್ಟು ವಿಶಾಲ, ಮುಟ್ಟುವುದೊಂದೇ ಸಾಕು. ಆದರೆ ಒಪ್ಪಿಗೆಯಿದ್ದ ಸಂಬಂಧವನ್ನೂ ಬಲಾತ್ಕಾರವನ್ನೂ ಮೆಕಾಲೆ ಬೇರೆ ಬೇರೆ ಕಲಮುಗಳಲ್ಲಿ ಇಟ್ಟನು. ಎರಡನ್ನೂ ಶಿಕ್ಷಿಸಿದನು ನಿಜ. ಒಂದೇ ಎಂದು ಮಾತ್ರ ಹೇಳಲಿಲ್ಲ. ಈ ಅಂಶವನ್ನು 377ರ ಚರಿತ್ರೆಯನ್ನು ಬರೆದವರು ಸಾಕಷ್ಟು ಲಕ್ಷಿಸಿಲ್ಲವೆಂದೇ ಹೇಳಬೇಕು.

ಇದಕ್ಕಿಂತ ಮುಖ್ಯವಾದುದು ಕರಡಿಗೆ ಲಗತ್ತಿಸಿದ ಟಿಪ್ಪಣಿ. ಮೆಕಾಲೆಯ ಸಂಹಿತೆಯ ಹಿರಿಮೆಯೇ ಅದರ ವಿವರಣೆಗಳಲ್ಲಿ, ಉದಾಹರಣೆಗಳಲ್ಲಿ ಇದೆ. ಪ್ರತಿಯೊಂದು ಪ್ರಕರಣಕ್ಕೂ ದೀರ್ಘ ಟಿಪ್ಪಣಿ ಬರೆದು, ಯಾವುದು ಏಕೆ ಅಪರಾಧ, ಶಿಕ್ಷೆ ಏಕೆ ಇಷ್ಟೇ ಎಂದು ತರ್ಕಿಸಿದವನು ಅವನು. ವ್ಯಭಿಚಾರವನ್ನು ಅಪರಾಧವಾಗಿಸದಿರುವುದಕ್ಕೆ ಅವನು ಕೊಟ್ಟ ಕಾರಣಗಳು ಹಿಂದೂಸ್ತಾನದ ಹೆಂಗಸರ ಸ್ಥಿತಿಯ ಬಗ್ಗೆ ಮರುಕದ ಮಾತುಗಳನ್ನೂ ಒಳಗೊಂಡಿವೆ. ಇಂತಹವನು 361 ಮತ್ತು 362ನೇ ಕಲಮುಗಳಿಗೆ ಬಂದಾಗ ಕೆಲವೇ ಸಾಲುಗಳಲ್ಲಿ ಮುಗಿಸಿಬಿಡುತ್ತಾನೆ. ಇದು ಜುಗುಪ್ಸೆಯ ವಿಷಯವಾದ್ದರಿಂದ ಆದಷ್ಟು ಕಡಿಮೆ ಹೇಳುವುದೇ ಒಳಿತು. ಸಾರ್ವಜನಿಕ ಚರ್ಚೆಗೆ ಎಡೆಗೊಡುವ ಯಾವುದನ್ನೂ ಮೂಲದಲ್ಲಾಗಲಿ ಟಿಪ್ಪಣಿಯಲ್ಲಾಗಲಿ ಸೇರಿಸುವ ಇಚ್ಛೆಯಿಲ್ಲ. ಅತ್ಯಂತ ಎಚ್ಚರದಿಂದ ಬರೆದ ಕಾನೂನಿನಿಂದ ಬರುವ ಲಾಭಕ್ಕಿಂತ ಅಂತಹ ಚರ್ಚೆಯಿಂದ ಸಮಾಜದ ನೀತಿಗೆ ಆಗುವ ಹಾನಿಯೇ ಹೆಚ್ಚು ಎಂಬುದು ಅದರ ಸಾರಾಂಶ. ತರ್ಕವೇ ಉಸಿರಾಗಿದ್ದ ಗ್ರಂಥದಲ್ಲಿ ತರ್ಕವನ್ನು ಬೇಕೆಂದೇ ನಿಲ್ಲಿಸಿದ ಸ್ಥಳ ಇದು. ಶಿಕ್ಷೆ ಇರಬೇಕು, ಕಾರಣ ಕೇಳಬಾರದು. ಶಿಕ್ಷಣ ಟಿಪ್ಪಣಿಯಲ್ಲಿ ಮೆಕಾಲೆ ಮಾತನಾಡಿದ್ದರಿಂದ ನಾವು ಅವನೊಡನೆ ಸುಮಾರು ಎರಡು ಶತಮಾನ ಜಗಳವಾಡಿದ್ದೇವೆ. ಇಲ್ಲಿ ಅವನು ಮಾತನಾಡದೆ ಹೋದನು; ಜಗಳಕ್ಕೆ ತುದಿಯೇ ಸಿಗಲಿಲ್ಲ.

1838ರ ಜನವರಿಯಲ್ಲಿ ಮೆಕಾಲೆ ಭಾರತವನ್ನು ಬಿಟ್ಟನು. ಮುಂದಿನ ಬದುಕಿನ ಹೆಚ್ಚಿನ ಭಾಗ ಈ ಲೇಖನಕ್ಕೆ ಹೊರತಾದುದು. ಎಡಿನ್‌ಬರೋದಿಂದ ಪಾರ್ಲಿಮೆಂಟಿಗೆ ಆಯ್ಕೆ, ಯುದ್ಧ ಖಾತೆಯ ಕಾರ್ಯದರ್ಶಿತ್ವ, 1842ರಲ್ಲಿ ಪ್ರಾಚೀನ ರೋಮಿನ ಲಾವಣಿಗಳು, 1848 ಮತ್ತು 1855ರಲ್ಲಿ ಇಂಗ್ಲೆಂಡಿನ ಇತಿಹಾಸದ ಸಂಪುಟಗಳು, 1857ರಲ್ಲಿ ಬ್ಯಾರನ್ ಪದವಿ. ಸಂಹಿತೆ ಮಾತ್ರ ಕಲ್ಕತ್ತೆಯ ಕಪಾಟಿನಲ್ಲಿ ಉಳಿಯಿತು. ಒಬ್ಬರಾದ ಮೇಲೊಬ್ಬರು ಬಂದ ಕಾನೂನು ಸದಸ್ಯರು ಅದನ್ನು ತಿದ್ದುತ್ತ, ತಡೆಯುತ್ತ, ಮತ್ತೆ ತೆರೆಯುತ್ತ ಹೋದರು. 1857ರ ದಂಗೆಯ ನಂತರ ಅಧಿಕಾರ ರಾಣಿಯ ಸರ್ಕಾರಕ್ಕೆ ಬಂದಾಗ ಕೆಲಸ ಚುರುಕಾಯಿತು. ಬಾರ್ನ್ಸ್ ಪೀಕಾಕನ ಪರಿಷ್ಕರಣದೊಂದಿಗೆ 1860ರ ಅಕ್ಟೋಬರ್ 6ರಂದು ಅಂಗೀಕಾರವಾದ 511 ಕಲಮುಗಳ ಸಂಹಿತೆ 1862ರ ಜನವರಿ 1ರಿಂದ ಜಾರಿಗೆ ಬಂದಿತು. ಮೆಕಾಲೆ ಅದನ್ನು ಕಾಣಲಿಲ್ಲ. 1859ರ ಡಿಸೆಂಬರ್ 28ರಂದು ಲಂಡನ್ನಿನ ಹಾಲಿ ಲಾಡ್ಜಿನಲ್ಲಿ ತೀರಿಕೊಂಡ ಅವನನ್ನು ಮುಂದಿನ ತಿಂಗಳು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡಲಾಯಿತು.

ಪರಿಷ್ಕರಣದಲ್ಲಿ 361 ಮತ್ತು 362 ಮಾಯವಾಗಿ ಅವುಗಳ ಸ್ಥಾನದಲ್ಲಿ 377 ಬಂದಿತು. ಸ್ಪರ್ಶದ ಮಾತು ಹೋಯಿತು. ನಿಸರ್ಗದ ವ್ಯವಸ್ಥೆಗೆ ವಿರುದ್ಧವಾಗಿ ಗಂಡು, ಹೆಣ್ಣು ಅಥವಾ ಪ್ರಾಣಿಯೊಡನೆ ಸ್ವಇಚ್ಛೆಯಿಂದ ನಡೆಸುವ ದೇಹಸಂಪರ್ಕ ಎಂಬ, ಹಳೆಯ ಇಂಗ್ಲಿಷ್ ಕಾನೂನಿನ ಪರಂಪರೆಯಿಂದ ಎತ್ತಿಕೊಂಡ ಪದಪುಂಜ ಬಂದಿತು. ಶಿಕ್ಷೆ ಜೀವಾವಧಿ ಅಥವಾ ಹತ್ತು ವರ್ಷದವರೆಗಿನ ಸೆರೆ. ಒಪ್ಪಿಗೆ ಇದ್ದುದು, ಇಲ್ಲದುದು ಎಂಬ ಭೇದವನ್ನು ಅಳಿಸಲಾಯಿತು. ಪ್ರೀತಿಸಿದ ಇಬ್ಬರು ವಯಸ್ಕರೂ ಮಗುವಿನ ಮೇಲೆ ಅತ್ಯಾಚಾರ ಮಾಡಿದವನೂ ಒಂದೇ ಕಲಮಿನ ಅಡಿಯಲ್ಲಿ ನಿಂತರು. ಮುಂದಿನ 156 ವರ್ಷಗಳ ಅನ್ಯಾಯದ ದೊಡ್ಡ ಪಾಲು ಈ ಅಳಿಸುವಿಕೆಯಿಂದ ಬಂದುದು. ಅದು ಮೆಕಾಲೆಯ ಕೈಯದಲ್ಲ. ಆದರೆ ಅಳಿಸುವುದು ಇಷ್ಟು ಸುಲಭವಾದುದಕ್ಕೆ ಅವನ ಟಿಪ್ಪಣಿಯೇ ದಾರಿಮಾಡಿಕೊಟ್ಟಿತು. ಭೇದವನ್ನು ಮಾಡಿದವನು ಏಕೆ ಮಾಡಿದೆನೆಂದು ಬರೆದಿಟ್ಟಿದ್ದರೆ ತೆಗೆದವರು ಏಕೆ ತೆಗೆದೆವೆಂದು ಹೇಳಬೇಕಾಗುತ್ತಿತ್ತು. 1860ರ ಸಂಹಿತೆಯಲ್ಲಿ 377ಕ್ಕೆ ಮಗ್ಗುಲಿನದು ಕಳ್ಳತನದ 378ನೇ ಕಲಮು. ಜೇಬಿನಲ್ಲಿ ತಿನಿಸಿಟ್ಟುಕೊಂಡು ಪರರ ನಾಯಿಯನ್ನು ಹಿಂದೆ ಬರಿಸಿಕೊಳ್ಳುವವನ ದೃಷ್ಟಾಂತವೂ ಸೇರಿದಂತೆ ಅದಕ್ಕೆ 16 ಉದಾಹರಣೆಗಳಿವೆ. 377ಕ್ಕೆ ಒಂದೂ ಇಲ್ಲ. ಉದಾಹರಣೆಯಿಲ್ಲದ ಕಲಮುಗಳು ಸಂಹಿತೆಯಲ್ಲಿ ಇನ್ನೂ ಇವೆಯಾದರೂ, ಉದಾಹರಿಸಬಾರದೆಂಬ ಸಂಕಲ್ಪದ ದಾಖಲೆಯಿರುವುದು ಇದರ ಪೂರ್ವರೂಪಕ್ಕೆ.

ಇಂತಹ ಕಾನೂನು ನೆಲದ ಮೇಲೆ ಹೇಗೆ ನಡೆಯಿತೆಂಬುದಕ್ಕೆ 1884ರ ಅಲಹಾಬಾದ್ ಹೈಕೋರ್ಟಿನ ಖೈರಾತಿ ಮೊಕದ್ದಮೆ ಒಳ್ಳೆಯ ಸಾಕ್ಷ್ಯ. ಹೆಂಗಸಿನ ಉಡುಪು ಧರಿಸಿ ಹೆಂಗಸರ ನಡುವೆ ಹಾಡುತ್ತಿದ್ದನೆಂಬುದರಿಂದ ಪೊಲೀಸರ ಕಣ್ಣಿಗೆ ಬಿದ್ದ ಒಬ್ಬ ವ್ಯಕ್ತಿಯನ್ನು ವೈದ್ಯಪರೀಕ್ಷೆಗೆ ಒಳಪಡಿಸಿ ಕೆಳಗಿನ ನ್ಯಾಯಾಲಯ 377ರ ಅಡಿಯಲ್ಲಿ ಶಿಕ್ಷಿಸಿತು. ಕೃತ್ಯ ಎಲ್ಲಿ, ಎಂದು, ಯಾರೊಡನೆ ನಡೆಯಿತೆಂಬುದು ಆರೋಪದಲ್ಲಿಯೇ ಇಲ್ಲವೆಂದು ಹೈಕೋರ್ಟು ಆತನನ್ನು ಬಿಟ್ಟಿತು. ಆದರೆ ಇಂಥವರನ್ನು ಹತ್ತಿಕ್ಕುವ ಅಧಿಕಾರಿಗಳ ಉತ್ಸಾಹವನ್ನು ಅದು ಮೆಚ್ಚಿಕೊಂಡಿತು. ಕಾನೂನು ಕೃತ್ಯವನ್ನು ವಿವರಿಸಲು ಹಿಂಜರಿದುದರಿಂದ ಪೊಲೀಸರು ಕೃತ್ಯದ ಬದಲು ಮನುಷ್ಯನನ್ನೇ ಓದಿದರು. ಅವನ ಸೀರೆ, ಅವನ ಹಾಡು, ಅವನ ನಡಿಗೆ ಸಾಕ್ಷಿಗಳಾದವು. ಸಿರಾ, ಮಧುಗಿರಿಗಳ ಬಯಲಾಟದ ಅಟ್ಟದ ಮೇಲೆ ಜನಮೆಚ್ಚುಗೆ ಪಡೆಯುತ್ತಿದ್ದ ವೇಷ ಹೊಸ ಕಾನೂನಿನ ಕಣ್ಣಿಗೆ ಶಂಕೆಯ ಗುರುತಾಗಿ ಕಾಣತೊಡಗಿದ್ದು ಹೀಗೆ. ಅದಕ್ಕೂ ಮುನ್ನ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗ ಹಿಜ್ರಾಗಳನ್ನು ನೋಂದಾಯಿಸಿ, ಹೆಣ್ಣುಡುಗೆಯಲ್ಲಿ ಬಹಿರಂಗವಾಗಿ ಹಾಡಿ ಕುಣಿಯುವುದನ್ನು ಶಿಕ್ಷಾರ್ಹಗೊಳಿಸಿತ್ತು. ಬೀದರ, ಗುಲ್ಬರ್ಗ, ರಾಯಚೂರುಗಳನ್ನೊಳಗೊಂಡ ಹೈದರಾಬಾದು ಸಂಸ್ಥಾನ 1919ರಲ್ಲಿ ತನ್ನದೇ ಆದ ಅಂತಹ ಕಾಯ್ದೆಯನ್ನು ತಂದಿತು. ತೆಲಂಗಾಣ ಹೈಕೋರ್ಟು ಅದನ್ನು ರದ್ದುಪಡಿಸಿದ್ದು 2023ರಲ್ಲಿ. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ ಸೇರಿಸಿದ 36ಎ ಕಲಮಿನ ಮೂಲವೂ ಈ ಹೈದರಾಬಾದಿನ ಮಾದರಿಯೇ.

ಮೈಸೂರಿನಲ್ಲಿ ದಂಡಸಂಹಿತೆ ಕಮಿಷನರ ಆಳ್ವಿಕೆಯ ಕಾಲದಲ್ಲಿಯೇ ನೆಲೆಗೊಂಡಿತು. ಬೌರಿಂಗನ ಕಾಲದ ಪುನಾರಚನೆಯಲ್ಲಿ ಹೊಸ ಜಿಲ್ಲೆಗಳೂ ನ್ಯಾಯಾಲಯಗಳೂ ಬಂದು ಅಮಲ್ದಾರನ ಕಚೇರಿಯ ಭಾಷೆಗೆ ಕಲಮಿನ ಸಂಖ್ಯೆಗಳು ಸೇರಿಕೊಂಡವು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದ ಒಪ್ಪಂದ ಜಾರಿಯಲ್ಲಿದ್ದ ಕಾನೂನುಗಳನ್ನು ಮುಂದುವರಿಸಬೇಕೆಂದು ವಿಧಿಸಿತು. ಹೀಗೆ ಕನ್ನಡದ ಅರಸರು ಮರಳಿದರೂ 377 ಹೋಗಲಿಲ್ಲ. ಕನ್ನಡದಲ್ಲಿ ಅದಕ್ಕೆ ಅನೈಸರ್ಗಿಕ ಅಪರಾಧ ಎಂಬ ಹೆಸರು ಬಳಕೆಗೆ ಬಂದಿತು. ಈ ಶಬ್ದ ನಮ್ಮ ಕಾವ್ಯದಲ್ಲಿಲ್ಲ, ಗಾದೆಯಲ್ಲಿಲ್ಲ, ಜನಪದ ಕಥೆಯಲ್ಲಿಲ್ಲ. ಜೋಗಪ್ಪ, ಬೃಹನ್ನಳೆ, ಸತಿಭಾವ ಇವು ಕಥೆಯುಳ್ಳ ಶಬ್ದಗಳು. ಅನೈಸರ್ಗಿಕ ಎಂಬುದು ಕಥೆಯಿಲ್ಲದ ಶಬ್ದ. ನಮ್ಮ ಪತ್ರಿಕೆಗಳಲ್ಲಿ, ಪಾಠಗಳಲ್ಲಿ, ವಿದ್ವಾಂಸರ ಟಿಪ್ಪಣಿಗಳಲ್ಲಿ ದೀರ್ಘಕಾಲ ಬೇರೂರಿದ ಮೌನ ಕೇವಲ ದೇಶೀಯ ಸಂಕೋಚವೆಂದು ತಿಳಿಯುವುದು ಸರಿಯಲ್ಲ. ಅದರಲ್ಲಿ ಕಲ್ಕತ್ತೆಯಿಂದ ಬಂದ ಅಂಶವೂ ಇದೆ.

ಕಲಮು ಮೊಕದ್ದಮೆಗಳಿಗಿಂತ ಹೆಚ್ಚಾಗಿ ಬೆದರಿಕೆಯಾಗಿ ಬದುಕಿತು. ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯವನ್ನು ಕುರಿತು ಪಿಯುಸಿಎಲ್ ಕರ್ನಾಟಕ ಘಟಕ 2001ರಲ್ಲಿ ಪ್ರಕಟಿಸಿದ ವರದಿ, ಪೊಲೀಸರು ಉದ್ಯಾನಗಳಲ್ಲಿ ಸಿಕ್ಕವರನ್ನು ಹೆದರಿಸಿ ಹಣ ಕೀಳುವುದನ್ನು ದಾಖಲಿಸಿತು. 1999ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಗಮ ಸಂಸ್ಥೆ ಇಂತಹವರ ಮಾತಿಗೆ ಕನ್ನಡದಲ್ಲಿ ಜಾಗ ಮಾಡಿಕೊಟ್ಟಿತು. ದೆಹಲಿ ಹೈಕೋರ್ಟು 2009ರ ಜುಲೈ 2ರಂದು ವಯಸ್ಕರ ಒಪ್ಪಿತ ಸಂಬಂಧವನ್ನು 377ರಿಂದ ಹೊರಗಿಟ್ಟಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ಬದಿಗೆ ಸರಿಸಿತು. ಅದೇ 2013ರಲ್ಲಿ ವಸುಧೇಂದ್ರರ ಮೋಹನಸ್ವಾಮಿ ಕಥಾಸಂಕಲನ ಹೊರಬಂದುದನ್ನು ಇಲ್ಲಿ ನೆನೆಯಬೇಕು. ಚರ್ಚೆಯಿಂದ ಸಮಾಜ ಕೆಡುತ್ತದೆಂಬ 1837ರ ಟಿಪ್ಪಣಿಗೆ ಕನ್ನಡ ಕಥನ ಕೊಟ್ಟ ಉತ್ತರವೆಂದು ಆ ಸಂಕಲನವನ್ನು ಓದಬಹುದು.

ಕಾನೂನಿನ ಕೊನೆಯ ತಿರುವಿಗೆ ಕಾರಣನಾದವನೂ ಕನ್ನಡಿಗನೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯ ವಿರುದ್ಧ ಹೂಡಿದ ಅರ್ಜಿಯಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಘೋಷಿಸಿ, ಲೈಂಗಿಕ ಒಲವು ಅದರ ಅವಿಭಾಜ್ಯ ಅಂಗವೆಂದಿತು. ಅದೇ ಬುನಾದಿಯ ಮೇಲೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಾಧೀಶರ ಪೀಠ ವಯಸ್ಕರ ಒಪ್ಪಿತ ಸಂಬಂಧವನ್ನು 377ರ ಹಿಡಿತದಿಂದ ಬಿಡಿಸಿತು; ಒಪ್ಪಿಗೆಯಿಲ್ಲದ ಕೃತ್ಯಕ್ಕೆ ಕಲಮನ್ನು ಉಳಿಸಿತು. ಮೆಕಾಲೆ ಎಳೆದು ಪೀಕಾಕ್ ಅಳಿಸಿದ ಗೆರೆ ಹೀಗೆ ಮತ್ತೆ ಮೂಡಿತು, ಈ ಬಾರಿ ಒಂದು ಬದಿಯಲ್ಲಿ ಶಿಕ್ಷೆಯಿಲ್ಲದೆ, ನೂರಾರು ಪುಟಗಳ ಕಾರಣಗಳೊಂದಿಗೆ. 2024ರ ಜುಲೈ 1ರಿಂದ ದಂಡಸಂಹಿತೆಯ ಸ್ಥಾನಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಮನಾದ ಕಲಮೇ ಇಲ್ಲ. ಅದರೊಂದಿಗೆ, ವಯಸ್ಕ ಗಂಡಸಿನ ಮೇಲೆ ಅಥವಾ ಲಿಂಗಪರಿವರ್ತಿತ ವ್ಯಕ್ತಿಯ ಮೇಲೆ ನಡೆಯುವ ಬಲಾತ್ಕಾರಕ್ಕೆ, 1837ರ ಕರಡಿನ 362ನೇ ಕಲಮು ಬೇರೆಯಾಗಿಯೇ ಗುರುತಿಸಿದ್ದ ಅಪರಾಧಕ್ಕೆ, ಆ ಸಂಹಿತೆಯಲ್ಲಿ ಪ್ರತ್ಯೇಕ ಹೆಸರು ಇಲ್ಲವಾಗಿದೆ.